ಗೋಡೆಯೊಳಗಿನ ತಂತಿಗೂ ವಯಸ್ಸಾಗುತ್ತದೆ

ಕಳೆದ ಆಯುಧಪೂಜೆಯ ದಿನ ನಮ್ಮ ಬೀದಿಯ ಕೊನೆಮನೆಯವರು ಕುಂಕುಮಕ್ಕೆ ಕರೆದಿದ್ದರು. ಮಗ ಹೊಸ ಎಲೆಕ್ಟ್ರಿಕ್ ಸ್ಕೂಟರ್ ತಂದಿದ್ದ. ಗಾಲಿಯಡಿ ನಿಂಬೆಹಣ್ಣು, ಹ್ಯಾಂಡಲಿಗೆ ಸೇವಂತಿಗೆ ಹಾರ, ಮುಂದೆ ಬೂದುಗುಂಬಳ, ಯಾವುದಕ್ಕೂ ಕೊರತೆಯಿರಲಿಲ್ಲ. ಕೋಸಂಬರಿ ತಿಂದು ಏಳುವಾಗ ನನ್ನ ಕಣ್ಣು ಹೋಗಬಾರದ ಕಡೆ ಹೋಯಿತು. ಟಿವಿ ಹಿಂದಿನ ಹಳೇ ಪ್ಲಗ್ಗಿಗೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಅದಕ್ಕೆ ಇನ್ನೊಂದು. ಅದರ ವೈರು ಸೋಫಾದಡಿ ನುಸುಳಿ, ಕಿಟಕಿ ಸಂದಿಯಿಂದ ಹೊರಬಿದ್ದು ಸ್ಕೂಟರಿನ ಚಾರ್ಜರಿಗೆ ಸೇರಿತ್ತು. ಪ್ಲಗ್ ಮುಟ್ಟಿ ನೋಡಿದೆ. ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು.

"ನಿಂಬೆಹಣ್ಣು ಇಟ್ಟದ್ದು ಒಳ್ಳೆಯದೇ ಕಣಪ್ಪಾ. ಪ್ಲಗ್ ಕಡೆಗೂ ಒಂದು ಸಲ ನೋಡಬಾರದಿತ್ತೇ?" ಅಂದೆ. ಹುಡುಗ ನಕ್ಕ. "ಆಂಟಿ, ಇದು ಸ್ಮಾರ್ಟ್ ಗಾಡಿ. ಏನಾದರೂ ಹೆಚ್ಚುಕಮ್ಮಿ ಆದರೆ ಫೋನಿಗೇ ಮೆಸೇಜು ಬರುತ್ತೆ" ಅಂದ. ಗಾಡಿ ಜಾಣ, ಒಪ್ಪಿದೆ. ಗೋಡೆಯೊಳಗಿನ ತಂತಿಗೆ ಮಾತ್ರ ಯಾರೂ ಜಾಣತನ ಕಲಿಸಿಲ್ಲವಲ್ಲ!

ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿ ನಿವೃತ್ತಳಾದವಳು ನಾನು. ನಿಮ್ಮ ಮನೆಯಲ್ಲೂ ಇಂಥದೊಂದು ಪ್ಲಗ್ ಎಲ್ಲೋ ಬಿಸಿಯಾಗುತ್ತಿದೆ ಎಂಬ ಗುಮಾನಿ ನನಗಿದೆ. ನೀವು ಬೇಕೆಂದು ಮಾಡುವವರಲ್ಲ, ಗೊತ್ತು. ಕೂರಿಸಿಕೊಂಡು ಹೇಳುವವರು ಇರಲಿಲ್ಲ, ಅಷ್ಟೇ. ಅದಕ್ಕೇ ಈ ಕಿವಿಮಾತು. ನಡುವೆ ಸ್ವಲ್ಪ ಗದರಿದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮ ನಾಡಿಗೆ ಕರೆಂಟು ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಅಲ್ಲಿಂದ ಬಹುಕಾಲ ಮನೆಯಲ್ಲಿ ಕರೆಂಟಿಗೆ ಇದ್ದದ್ದು ಮುಖ್ಯವಾಗಿ ಎರಡೇ ಕೆಲಸ: ತಂತಿ ಕಾಯಿಸುವುದು, ಮೋಟರ್ ತಿರುಗಿಸುವುದು. ಬಲ್ಬು, ಇಸ್ತ್ರಿಪೆಟ್ಟಿಗೆ, ಫ್ಯಾನು, ಮಿಕ್ಸಿ, ಅಷ್ಟರಲ್ಲಿ ಸಂಸಾರ ನಡೆಯುತ್ತಿತ್ತು. ಈಗ ಬಲ್ಬಿನ ಹೊಟ್ಟೆಯಲ್ಲೂ ಒಂದು ಎಲೆಕ್ಟ್ರಾನಿಕ್ ಬೋರ್ಡು ಕೂತಿದೆ. ಫ್ಯಾನಿನೊಳಗೆ ಒಂದು, ಸ್ಟೌವಿನೊಳಗೆ ಒಂದು, ಸ್ಕೂಟರಿನ ಬ್ಯಾಟರಿ ಕಾಯಲು ಬಿಎಂಎಸ್ ಎಂಬ ಇನ್ನೊಂದು, ತಾರಸಿಯಲ್ಲಿ ಸೋಲಾರ್ ಇನ್ವರ್ಟರ್. ಸಾಮಾನೆಲ್ಲ ಹೊಸ ಕಾಲದ್ದು. ವೈರು, ಸ್ವಿಚ್ಚು, ಅರ್ಥಿಂಗ್ ಗುಂಡಿ ಮಾತ್ರ ಮನೆ ಕಟ್ಟಿದ ವರ್ಷದ್ದು. ಈ ಕಾಲದ ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಈ ಎರಡರ ನಡುವಿನ ಸಂದಿಯಲ್ಲಿ. ಆದ್ದರಿಂದ ಕಣ್ಣಿಗೆ ಕಾಣುವ ಸಾಮಾನಿಗೆ ದುಡ್ಡು ಸುರಿಯುವ ಮುಂಚೆ ಕಾಣದ ಸಾಮಾನಿಗೆ ಒಂದಿಷ್ಟು ತೆಗೆದಿಡಿ. ನನ್ನ ಮಾತಿನ ಸಾರ ಇಷ್ಟೇ, ಉಳಿದದ್ದು ವಿವರ.

ಮೊದಲು ವೈರಿಂಗ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ವೈರಿಗೂ ಅನ್ವಯಿಸಿಕೊಳ್ಳಿ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. 2,000 ವಾಟಿನ ಗೀಸರ್ ಅಥವಾ ಇಂಡಕ್ಷನ್ ಸ್ಟೌ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ದೀಪ, ಫೋನಿಗೆಂದು ಹಾಕಿಸಿದ ಸಣ್ಣ ಪ್ಲಗ್ಗಿನ ತಾಕತ್ತು 6 ಆಂಪಿಯರ್. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಇದು ನನ್ನ ಹೆದರಿಕೆಯಲ್ಲ, ಜೂಲ್ ಹೇಳಿಹೋದ ಲೆಕ್ಕ. ಗೀಸರ್, ಇಂಡಕ್ಷನ್, ಓವನ್, ಏಸಿ ಇವಕ್ಕೆಲ್ಲ 16 ಆಂಪಿಯರಿನ ದೊಡ್ಡ ಪ್ಲಗ್ ಬೇಕು. ಅದರ ಹಿಂದೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಇರಬೇಕು. ದೊಡ್ಡ ಗೀಸರಿಗೂ ಏಸಿಗೂ 4 ಚದರ ಮಿಲಿಮೀಟರಿನದೇ ಹಾಕಿಸಿ. ಗಾತ್ರ ತಂತಿಯ ಮೈಮೇಲೇ ಬರೆದಿರುತ್ತದೆ, ಓದಿ.

ಎಕ್ಸ್‌ಟೆನ್ಷನ್ ಬಾಕ್ಸ್ ಇರುವುದು ಲ್ಯಾಪ್‌ಟಾಪ್, ಫೋನಿನಂಥ ಹಗುರ ಸಾಮಾನಿಗೆ. ಒಂದಕ್ಕೊಂದು ಸರಪಳಿ ಕಟ್ಟಬೇಡಿ. ಸುರುಳಿ ಸುತ್ತಿಟ್ಟ ವೈರಿನಲ್ಲಿ ಭಾರದ ಸಾಮಾನು ಓಡಿಸಬೇಡಿ; ಶಾಖ ಹೊರಹೋಗಲು ದಾರಿಯಿಲ್ಲದೆ ಒಳಗೇ ಬೇಯುತ್ತದೆ. ಚಾಪೆ, ಕಾರ್ಪೆಟ್ಟಿನ ಅಡಿಯಲ್ಲಂತೂ ವೈರು ಹಾಯಿಸಲೇಬೇಡಿ. ಪ್ಲಗ್ ಸಡಿಲವಾಗಿ ಕಿರ್ ಎಂದರೆ, ಸುತ್ತ ಕಂದುಬಣ್ಣಕ್ಕೆ ತಿರುಗಿದ್ದರೆ, ಮೀನಿನ ವಾಸನೆಯಂಥ ಕಮಟು ಬಂದರೆ, ಅದನ್ನು ಆವತ್ತೇ ಬದಲಿಸಿ. "ಇನ್ನೂ ಕೆಲಸ ಮಾಡ್ತಾ ಇದೆಯಲ್ಲ" ಎನ್ನುವುದು ಉತ್ತರವಲ್ಲ. ಸುಡುವ ಕ್ಷಣದವರೆಗೂ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ಅಭ್ಯಾಸಕ್ಕೆ ಬರುತ್ತೇನೆ. ಹೊರೆ ಹೆಚ್ಚಾದಾಗ ಕರೆಂಟು ಕಡಿಯುವ ಎಂಸಿಬಿ ಪದೇ ಪದೇ ಬೀಳುತ್ತದೆ ಎಂದು 16 ಆಂಪಿಯರಿನದು ತೆಗೆಸಿ 32ರದ್ದು ಹಾಕಿಸಿಕೊಳ್ಳುವವರಿದ್ದಾರೆ. ನಿಮ್ಮಲ್ಲೂ ಇಬ್ಬರು ಮೂವರಿರಬಹುದು. ಎಂಸಿಬಿ ಇರುವುದು ತಂತಿಯನ್ನು ಕಾಯಲಿಕ್ಕೆ. ನೀವು ಕಾವಲುಗಾರನನ್ನು ಬದಲಿಸಿದಿರಿ, ತಂತಿ ಅದೇ ಉಳಿಯಿತು. ಇನ್ನು ಮೇಲೆ ಸುಟ್ಟು ಕಡಿದುಕೊಳ್ಳಬೇಕಾದದ್ದು ಆ ತಂತಿಯೇ, ಅದೂ ಗೋಡೆಯೊಳಗೆ. ಎಂಸಿಬಿ ಬಿದ್ದರೆ ಅದು ಏನನ್ನೋ ಹೇಳುತ್ತಿದೆ ಎಂದು ತಿಳಿಯಿರಿ. ಹೊರೆ ಇಳಿಸಿ, ಇಲ್ಲವೇ ವೈರ್ ಬದಲಿಸಿ. ಸಾಮಾನು ಹೆಚ್ಚಿದ್ದರೆ ಬಿಲ್ಲಿನಲ್ಲಿರುವ ಮಂಜೂರಾದ ಲೋಡನ್ನೂ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ.

ಎರಡನೆಯದು, ಅರ್ಥಿಂಗ್ ಮತ್ತು ಆರ್‌ಸಿಸಿಬಿ. ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಉದ್ದವಾಗಿ ದಪ್ಪಗಿರುವುದು ಅರ್ಥ್ ಕಡ್ಡಿ. ಅದು ಮೊದಲು ಒಳಹೋಗಿ ಕಡೆಗೆ ಹೊರಬರಲೆಂದೇ ಹಾಗೆ ಮಾಡಿದ್ದಾರೆ. ಫ್ರಿಜ್ಜಿನ ಪ್ಲಗ್ ಎರಡು ತೂತಿನ ಬೋರ್ಡಿಗೆ ಹೋಗುವುದಿಲ್ಲವೆಂದು ಆ ಕಡ್ಡಿಯನ್ನು ಕಿತ್ತೆಸೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರ್ಥಿಂಗ್ ಗುಂಡಿಯ ಮೇಲೆ ಟೈಲ್ಸ್ ಹಾಕಿಸಿ ಅದು ಎಲ್ಲಿದೆ ಎಂಬುದನ್ನೇ ಮರೆತವರೂ ಉಂಟು. ನಮ್ಮ ಕೋಲಾರ, ಚಿತ್ರದುರ್ಗದ ಕಡೆಯ ಒಣನೆಲದಲ್ಲಿ ಬೇಸಿಗೆ ಬಂತೆಂದರೆ ಗುಂಡಿ ಒಣಗಿ, ಸೋರಿದ ಕರೆಂಟು ಭೂಮಿಗಿಳಿಯಲು ತ್ರಾಸಪಡುತ್ತದೆ. ವಾರಕ್ಕೊಮ್ಮೆ ತುಳಸಿಗೆ ಹಾಕುವಾಗ ಅದಕ್ಕೂ ಎರಡು ಬಿಂದಿಗೆ ನೀರು ಹಾಕಿ. ವರ್ಷಕ್ಕೊಮ್ಮೆ ಅರ್ಥ್ ರೆಸಿಸ್ಟೆನ್ಸ್ ಅಳೆಸಿ.

ಎಂಸಿಬಿ ಇದೆಯಲ್ಲ, ನಮಗೇನು ಭಯ ಎನ್ನಬೇಡಿ. ಅದು ಬೀಳುವುದು 16 ಆಂಪಿಯರಿನ ಮೇಲೆ. ಮನುಷ್ಯನ ಎದೆಬಡಿತದ ಲಯ ತಪ್ಪಿಸಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ಜೀವ ಕಾಯುವುದು ಆರ್‌ಸಿಸಿಬಿ. ಲೈನಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್ಲಿನಲ್ಲಿ ವಾಪಸು ಬಂತೇ ಎಂದು ಅದು ಬಿಡದೆ ಲೆಕ್ಕ ಹಾಕುತ್ತಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆಯಾದರೂ ಎಲ್ಲೋ ಯಾರ ಮೈಮೂಲಕವೋ ಸೋರುತ್ತಿದೆ ಎಂದು ಕಣ್ಣುಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಮನೆಯಲ್ಲಿ ಇದು ಇಲ್ಲದಿದ್ದರೆ ಮುಂದಿನ ಸಂಬಳದಲ್ಲಿ ಮೊದಲು ಇದನ್ನು ಹಾಕಿಸಿ, ಹೊಸ ಫೋನ್ ಆಮೇಲೆ. ಆದರೂ ಅದರ ಮೇಲೆ ಪೂರ್ತಿ ಭಾರ ಹಾಕಬೇಡಿ. ಒಂದು ಕೈಯಲ್ಲಿ ಲೈನು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ನೀವು ಮನುಷ್ಯರೋ ಬಲ್ಬೋ ಎಂದು ಅದಕ್ಕೆ ತಿಳಿಯದು. ಮಳೆಗಾಲದಲ್ಲಿ ಬೀಳುತ್ತಿದ್ದರೆ ಯಾವುದೋ ವೈರಿಗೆ ತೇವ ತಗುಲಿದೆ. ಹುಡುಕಿಸಿ ಸರಿಮಾಡಿಸಿ, ಬೈಪಾಸ್ ಮಾಡಿಸಬೇಡಿ.

ಬಚ್ಚಲುಮನೆ, ಹಿತ್ತಿಲಿನ ಮಾತೂ ಇಲ್ಲೇ ಮುಗಿಸುತ್ತೇನೆ. ಬಕೆಟ್ಟಿಗೆ ಹೀಟರ್ ರಾಡ್ ಹಾಕಿ ನೀರು ಕಾದಿದೆಯೇ ಎಂದು ಬೆರಳದ್ದಿ ನೋಡಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿಯನ್ನು ಸರ್ವಿಸ್ ವೈರಿನ ಪೈಪಿಗೋ ಕರೆಂಟು ಕಂಬಕ್ಕೋ ಕಟ್ಟಬೇಡಿ. ನೈಲಾನ್ ಹಗ್ಗಕ್ಕೆ ಎಷ್ಟು ಮಹಾ ಬೆಲೆ?

ಮೂರನೆಯದು ಸ್ವಲ್ಪ ಸೂಕ್ಷ್ಮ. ಹಳೇ ಬಲ್ಬು ಕರೆಂಟನ್ನು ಹದವಾಗಿ, ಒಂದೇ ಸಮನೆ ಕುಡಿಯುತ್ತಿತ್ತು. ಇಂದಿನ ಎಲ್‌ಇಡಿ, ಟಿವಿ, ಚಾರ್ಜರುಗಳಲ್ಲಿ ಬಹಳಷ್ಟು ಅದನ್ನು ಗುಟುಕು ಗುಟುಕಾಗಿ ಎಳೆಯುತ್ತವೆ. ಹೀಗೆ ಅಲೆಯ ಆಕಾರ ಕೆಡುವುದಕ್ಕೆ ಹಾರ್ಮೋನಿಕ್ಸ್ ಎನ್ನುತ್ತಾರೆ. ಮೂರು ಫೇಸಿನ ಕರೆಂಟು ನ್ಯೂಟ್ರಲ್ಲಿಗೆ ಬಂದಾಗ ಒಂದನ್ನೊಂದು ಕಳೆದುಕೊಂಡು ಶಾಂತವಾಗಬೇಕು. ಮೂರನೇ ಹಾರ್ಮೋನಿಕ್ ಮಾತ್ರ ಕಳೆಯುವ ಬದಲು ಕೂಡಿಕೊಳ್ಳುತ್ತದೆ. ಒಂದು ಮನೆಯಲ್ಲಿ ಇದು ಗಮನಕ್ಕೆ ಬಾರದು. ನೂರು ಮನೆಯ ಅಪಾರ್ಟ್‌ಮೆಂಟಿನಲ್ಲಿ, ಕಂಪ್ಯೂಟರ್ ತುಂಬಿದ ಆಫೀಸಿನಲ್ಲಿ ಹನಿ ಹನಿ ಕೂಡಿ ಹಳ್ಳವಾಗಿ ನ್ಯೂಟ್ರಲ್ ತಂತಿ ಕಾಯುತ್ತದೆ. ಸಂಘದ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ "ನ್ಯೂಟ್ರಲ್ ಗಾತ್ರ ಸಾಕೇ, ಜಾಯಿಂಟ್ ಬಿಗಿಯಾಗಿದೆಯೇ" ಎಂದು ಒಮ್ಮೆ ಕೇಳಿ.

ಆ ನ್ಯೂಟ್ರಲ್ ಸಡಿಲವಾದರೆ ಏನಾಗುತ್ತದೆ ಗೊತ್ತೇ? ಮೂರು ಫೇಸಿನ ಸಂಪರ್ಕದಲ್ಲಿ ಒಂದು ಕೋಣೆಗೆ 150 ವೋಲ್ಟ್, ಇನ್ನೊಂದಕ್ಕೆ 300 ದಾಟಿದ ವೋಲ್ಟ್ ಹೋಗಬಹುದು. ಒಂದೆಡೆ ದೀಪ ಮಂಕಾಗಿ, ಇನ್ನೊಂದೆಡೆ ಕಣ್ಣು ಕೋರೈಸಿದರೆ ಅದೇ ಸೂಚನೆ. ಬೆರಗಾಗಿ ನೋಡುತ್ತ ನಿಲ್ಲಬೇಡಿ, ಮೇನ್ ಸ್ವಿಚ್ ಇಳಿಸಿ ಕರೆಂಟು ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಇನ್ನೊಂದು ತಯಾರಿ ಬೇಕು. ಮೀಟರ್ ಬೋರ್ಡಿನ ಬಳಿ ಎಸ್‌ಪಿಡಿ ಎಂಬ ಸರ್ಜ್ ತಡೆಯುವ ಸಾಧನ ಹಾಕಿಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ ಎಂಬುದೂ ನೆನಪಿರಲಿ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಇದೆ. ಮೋಡ ಕಟ್ಟಿದಾಗಲೇ ಟಿವಿ, ರೌಟರಿನ ಪ್ಲಗ್ ಕಿತ್ತಿಡಿ. ಸಿಡಿಲು ನೆತ್ತಿಯ ಮೇಲೆ ಬಂದಾಗ ಪ್ಲಗ್ ಕೀಳಲು ಓಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ನಾಲ್ಕನೆಯದು ಲಿಥಿಯಂ ಬ್ಯಾಟರಿ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯ ಹಿಂದಿನ ಮೂವರು ವಿಜ್ಞಾನಿಗಳಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅಂಗೈಯಷ್ಟು ಜಾಗದಲ್ಲಿ ಇಷ್ಟು ಶಕ್ತಿ ತುಂಬಿಡುವುದು ಸಣ್ಣ ವಿದ್ಯೆಯಲ್ಲ. ಆದರೆ ಅತಿಯಾದರೆ ಅಮೃತವೂ ವಿಷ. ಸಾಮಾನ್ಯ ಲಿಥಿಯಂ ಸೆಲ್ಲಿನ ಹೊಟ್ಟೆ ತುಂಬುವುದು 4.2 ವೋಲ್ಟಿಗೆ. ಅದಕ್ಕಿಂತ ತುರುಕಿದರೆ, ಜಜ್ಜಿದರೆ, ಕಾಯಿಸಿದರೆ ಒಳಗೆ ಶಾಖ ಹುಟ್ಟುತ್ತದೆ, ಆ ಶಾಖ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಒಂದು ಸೆಲ್ ಹೊತ್ತಿಕೊಂಡರೆ ಪಕ್ಕದ್ದನ್ನೂ ಎಳೆದುಕೊಳ್ಳುತ್ತದೆ. ಉರಿಯಲು ಬೇಕಾದ ಆಮ್ಲಜನಕದ ಒಂದಂಶವನ್ನು ಅದರೊಳಗಿನ ವಸ್ತುವೇ ಬಿಡುವುದರಿಂದ ಕಂಬಳಿ ಮುಚ್ಚಿದರೂ ಆರುವುದಿಲ್ಲ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಜಾತಿಯ ಬ್ಯಾಟರಿ ಈ ವಿಷಯದಲ್ಲಿ ಹೆಚ್ಚು ಸಹನೆಯದು. ಕೊಳ್ಳುವಾಗ ಯಾವ ಜಾತಿ ಎಂದು ಕೇಳಲು ನಾಚಬೇಡಿ.

2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿ ನೀವು ಓದಿರುತ್ತೀರಿ. ಆಮೇಲೆ ಸರ್ಕಾರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ 2022ರ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದಿತು. ತಯಾರಕರು ತಮ್ಮ ಪಾಲಿನದು ಮಾಡಲಿ, ನಿಮ್ಮ ಪಾಲಿನದು ಹೀಗಿದೆ. ಗಾಡಿಗೆ ಕೊಟ್ಟ ಚಾರ್ಜರನ್ನೇ ಬಳಸಿ, ಪಿನ್ ಹೊಂದುತ್ತದೆಂದು ಪಕ್ಕದ ಮನೆಯದನ್ನು ಸಿಕ್ಕಿಸಬೇಡಿ. ಬಿಸಿಲಲ್ಲಿ ಓಡಿಸಿಕೊಂಡು ಬಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಮುಕ್ಕಾಲು ಗಂಟೆ ತಣಿಯಲು ಬಿಡಿ. ನೀವೂ ಬಿಸಿಲಿಂದ ಬಂದವರೇ ಊಟಕ್ಕೆ ಕೂರುವುದಿಲ್ಲವಲ್ಲ. ಬ್ಯಾಟರಿ ಬಿಚ್ಚಿ ಒಳಗೆ ತಂದು ಚಾರ್ಜ್ ಮಾಡುವವರು ಅದನ್ನು ಮೆಟ್ಟಿಲ ಕೆಳಗಾಗಲಿ, ಮುಂಬಾಗಿಲ ಬಳಿಯಾಗಲಿ, ಮಲಗುವ ಕೋಣೆಯಲ್ಲಾಗಲಿ ಇಡಬೇಡಿ. ಏನಾದರೂ ಆದರೆ ನೀವು ಓಡಿಹೋಗಬೇಕಾದ ದಾರಿಯಲ್ಲೇ ಬೆಂಕಿ ನಿಂತಿರುತ್ತದೆ. ಎಲ್ಲರೂ ಮಲಗಿದ ಮೇಲೆ ಚಾರ್ಜ್ ಮಾಡುವ ಬದಲು ಯಾರಾದರೂ ಎಚ್ಚರವಿರುವ ಹೊತ್ತು ನೋಡಿಕೊಳ್ಳಿ. ನೆರೆನೀರಿನಲ್ಲಿ ಮುಳುಗಿದ ಗಾಡಿಯನ್ನು ಸರ್ವಿಸಿಗೆ ತೋರಿಸದೆ ಚಾರ್ಜಿಗೆ ಹಾಕಬೇಡಿ. ಕಾರಿನ ಚಾರ್ಜರಿಗಂತೂ ಮೀಟರ್ ಬೋರ್ಡಿನಿಂದಲೇ ಬೇರೆ ಲೈನು ಎಳೆಸಿ. ಅದಕ್ಕೆ ಹಾಕುವ ಆರ್‌ಸಿಸಿಬಿ ಯಾವ ಟೈಪಿನದು ಎಂದೂ ಕೇಳಿ. ಮಾಮೂಲಿ ಎಸಿ ಟೈಪಿನದು ಚಾರ್ಜರಿನಿಂದ ಸೋರುವ ಡಿಸಿ ಕರೆಂಟಿಗೆ ಕುರುಡಾಗಿಬಿಡಬಹುದು. ಚಾರ್ಜರ್ ಕಂಪನಿ ಎ ಅಥವಾ ಬಿ ಟೈಪ್ ಎಂದು ಸೂಚಿಸಿರುತ್ತದೆ, ಅದನ್ನೇ ಹಾಕಿಸಿ.

ಫೋನನ್ನು ದಿಂಬಿನಡಿ ಇಟ್ಟು ಚಾರ್ಜ್ ಮಾಡುವವರೇ, ನಿಮಗೆ ಬೇರೆಯಾಗಿ ಹೇಳಬೇಕೇ? ಬೆನ್ನುಬ್ಬಿದ ಫೋನು, ಊದಿದ ಪವರ್ ಬ್ಯಾಂಕು ಕಂಡರೆ ಒತ್ತಿ ನೋಡುವುದೂ ಬೇಡ, ಚುಚ್ಚುವುದೂ ಬೇಡ. ಬಳಸುವುದನ್ನು ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಕೊಡಿ. ನಿತ್ಯ 20ರಿಂದ 80 ಪರ್ಸೆಂಟಿನೊಳಗೆ ಓಡಾಡಿಸಿದರೆ ಬ್ಯಾಟರಿಯ ಆಯಸ್ಸು ಹೆಚ್ಚು. ಊರಿಗೆ ವಿಮಾನದಲ್ಲಿ ಹೋಗುವಾಗ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಪೆಟ್ಟಿಗೆಯಲ್ಲಿ ಬೇಡ. ಬ್ಯಾಟರಿಯಿಂದ ಹೊಗೆ ಎದ್ದರೆ ಶೂರತನ ತೋರಿಸಬೇಡಿ. ಆ ಹೊಗೆ ವಿಷ. ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೊರಗೆ ಬನ್ನಿ, ಬಾಗಿಲು ಎಳೆದುಕೊಂಡು 101ಕ್ಕೋ 112ಕ್ಕೋ ಫೋನ್ ಮಾಡಿ.

ಮನೆಯ ಯುಪಿಎಸ್ಸಿನ ಹಳೇ ಸೀಸದ ಬ್ಯಾಟರಿಯನ್ನು ಮರೆಯಬೇಡಿ. ಡಿಸ್ಟಿಲ್ಡ್ ವಾಟರ್ ಬದಲು ಬೋರಿನ ನೀರು ಸುರಿಯಬೇಡಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಹಾಗಾಗಿ ದೇವರಮನೆಯ ದೀಪದ ಪಕ್ಕ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಜೋಡಿ ಬ್ಯಾಟರಿಯಲ್ಲಿ ಒಂದು ಹಳೆಯದು, ಒಂದು ಹೊಸದು ಹಾಕಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಹಾಗಾಗಿ ಹೊಸದೂ ಬೇಗ ಕೆಡುತ್ತದೆ. ಜನರೇಟರಿನಿಂದ ಮನೆಗೆ ಕರೆಂಟು ಕೊಡಲು ಎರಡೂ ತುದಿಗೆ ಪ್ಲಗ್ಗಿರುವ ವೈರನ್ನು ಯಾರಾದರೂ ತಂದರೆ ಕಿತ್ತು ಬಿಸಾಡಿ. ಆ ಕರೆಂಟು ಹಿಮ್ಮುಖವಾಗಿ ಕಂಬಕ್ಕೆ ಹರಿದು, ಲೈನ್ ಸತ್ತಿದೆಯೆಂದು ನಂಬಿ ಹತ್ತಿದ ಪವರ್‌ಮ್ಯಾನ್‌ನ ಪ್ರಾಣ ತೆಗೆದೀತು.

ಐದನೆಯದು ತಾರಸಿ ಸೋಲಾರ್. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿರುವ ನಾಡು ನಮ್ಮದು. ನಿಮ್ಮ ತಾರಸಿಯ ಬಿಸಿಲು ಸುಮ್ಮನೆ ಯಾಕೆ ಹೋಗಬೇಕು? 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರದ ಸಹಾಯಧನವಿದೆ, 3 ಕಿಲೋವಾಟಿಗೆ 78,000 ರೂಪಾಯಿ. ಒಂದು ಕಿಲೋವಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು, ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಆದರೆ ಮುಂಚೆಯೇ ಒಂದು ವಿಷಯ ತಿಳಿದಿರಿ. ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಸೋಲಾರ್ ಹಾಕಿಸಿದರೆ ಬೀದಿಯಲ್ಲಿ ಕರೆಂಟು ಹೋದಾಗ ನಿಮ್ಮದೂ ಹೋಗುತ್ತದೆ, ಸೂರ್ಯ ನೆತ್ತಿಯ ಮೇಲಿದ್ದರೂ. ಇದು ದೋಷವಲ್ಲ. ಈಗಷ್ಟೇ ಹೇಳಿದ ಆ ಕಂಬದ ಮೇಲಿನ ಪವರ್‌ಮ್ಯಾನ್‌ಗಾಗಿಯೇ ಇನ್ವರ್ಟರಿಗೆ ಹಾಗೆ ಕಲಿಸಿದ್ದಾರೆ. ಇದನ್ನು ಕೇಳದೆ ಹಾಕಿಸಿ, ಆಮೇಲೆ ಜಗಳ ಆಡಿದರೆ ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನಬೇಕಾದೀತು.

ಫಲಕದ ಮೇಲೆ ನೀರಿನ ಟ್ಯಾಂಕಿನ, ತೆಂಗಿನ ಗರಿಯ ನೆರಳು ಬೀಳದಂತೆ ನೋಡಿಕೊಳ್ಳಿ. ಮೂಲೆಯ ಒಂದು ನೆರಳು ಇಡೀ ಸಾಲಿನ ಇಳುವರಿ ಇಳಿಸುತ್ತದೆ, ನೆರಳು ಬಿದ್ದ ಸೆಲ್ ಕಾದು ಹಾಳಾಗುತ್ತದೆ. ಧೂಳು ತೊಳೆಯುವುದಿದ್ದರೆ ಬೆಳಗಿನ ತಂಪಿನಲ್ಲಿ, ಮೆತ್ತನೆ ಬಟ್ಟೆಯಿಂದ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಟ್ಟೀತು. ಫಲಕದಿಂದ ಬರುವುದು ಡಿಸಿ ಕರೆಂಟು. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಎದ್ದರೂ ಆರಲು ಅವಕಾಶವಿದೆ. ಡಿಸಿ ಇಳಿಯುವುದಿಲ್ಲ, ಅದರ ಕಿಡಿ ಹಟಮಾರಿ. ಆದ್ದರಿಂದ ಕನೆಕ್ಟರುಗಳನ್ನು ನೀವೇ ಎಳೆಯಬೇಡಿ. ಬೆಳಕಿರುವವರೆಗೂ ಫಲಕದ ತಂತಿ ಜೀವಂತ, ಅದನ್ನು ಆರಿಸಲು ಸೂರ್ಯನಿಗೆ ಸ್ವಿಚ್ಚಿಲ್ಲ. ಇನ್ನೊಂದು ಮಾತು. ಸೌರ ಕರೆಂಟು ಹೆಚ್ಚಾಗುವುದು ಮಧ್ಯಾಹ್ನ, ಊರಿಗೆಲ್ಲ ಕರೆಂಟು ಬೇಕಾಗುವುದು ಸಂಜೆ ಏಳಕ್ಕೆ. ಈ ಹೊಂದಾಣಿಕೆಯೇ ಇಂದಿನ ಎಂಜಿನಿಯರುಗಳ ದೊಡ್ಡ ತಲೆನೋವು. ಗ್ರೈಂಡರ್, ವಾಷಿಂಗ್ ಮೆಷಿನ್, ಸಂಪಿನ ಮೋಟರ್ ಇವನ್ನು ಹಗಲಲ್ಲೇ ಮುಗಿಸಿಕೊಂಡರೆ ಅವರ ಭಾರ ಒಂದಿಷ್ಟು ನೀವು ಹೊತ್ತ ಹಾಗೆ.

ಆರನೆಯದು ಕೊಳ್ಳುವ ಬುದ್ಧಿ. 9 ವಾಟಿನ ಎಲ್‌ಇಡಿ 60 ವಾಟಿನ ಹಳೇ ಬಲ್ಬಿನಷ್ಟು ಬೆಳಗುತ್ತದೆ. ಇದನ್ನು ಸಾಧ್ಯವಾಗಿಸಿದ ನೀಲಿ ಎಲ್‌ಇಡಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಎಲ್‌ಇಡಿ ಬೇಗ ಸತ್ತರೆ ಬಹುಮಟ್ಟಿಗೆ ಸತ್ತದ್ದು ದೀಪವಲ್ಲ, ಅದರ ಬುಡದ ಡ್ರೈವರ್. ಮುಚ್ಚಿದ ಗಾಜಿನ ಗೂಡಿನಲ್ಲಿ ಹಾಕಿ ಅದನ್ನು ಬೇಯಿಸಬೇಡಿ. ಹಳೇ ಸೀಲಿಂಗ್ ಫ್ಯಾನು 75 ವಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನು ಸುಮಾರು 30ರಲ್ಲಿ ಮುಗಿಸುತ್ತದೆ. ದಿನಕ್ಕೆ 15 ಗಂಟೆಯ ಲೆಕ್ಕದಲ್ಲಿ ಒಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿತಾಯ. "ಗೃಹಜ್ಯೋತಿ ಇದೆ, ಬಿಲ್ಲೇ ಇಲ್ಲವಲ್ಲ" ಎಂದು ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿಸುವವರಿಗೆ ಹೇಳುತ್ತೇನೆ: 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮ ತಲೆಗೇ ಬರುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಫುಟ್‌ಪಾತಿನ 99 ರೂಪಾಯಿಯ ಬಿಳಿ ಚಾರ್ಜರೂ ಬೆಳ್ಳಗೇ ಇರುತ್ತದೆ. ಅದರೊಳಗೆ 230 ವೋಲ್ಟಿಗೂ ನಿಮ್ಮ ಕೈಯ ಫೋನಿಗೂ ನಡುವೆ ಎಷ್ಟು ಅಂತರ ಬಿಟ್ಟಿದ್ದಾರೆಂದು ದೇವರೇ ಬಲ್ಲ. ಚಾರ್ಜರು, ಪವರ್ ಬ್ಯಾಂಕು, ಎಲ್‌ಇಡಿ ಬಲ್ಬಿನ ಮೇಲೆ ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ವೈರು, ಸ್ವಿಚ್ಚಿನ ಮೇಲೆ ಐಎಸ್‌ಐ ಗುರುತಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಈಗ ಬರುವ ಗ್ಯಾನ್ ಚಾರ್ಜರುಗಳು ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಬಳಸುವುದರಿಂದ ಚಿಕ್ಕದಾಗಿಯೂ ಹೆಚ್ಚು ಶಕ್ತಿಯವಾಗಿಯೂ ಇರುತ್ತವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ವಸ್ತುವಿನ ಮೇಲೆ ಕೆಲಸ ನಡೆದಿದೆ. ಚಾರ್ಜರ್ ಒಳ್ಳೆಯದಿದ್ದರೆ ಸಾಲದು, ಕೇಬಲ್ಲೂ ತಕ್ಕದ್ದಿರಲಿ. ಮಾಮೂಲಿ ಟೈಪ್-ಸಿ ಕೇಬಲ್ 60 ವಾಟಿನವರೆಗೆ ಮಾತ್ರ.

ಹಳೆಯದನ್ನು ಹೊರಹಾಕುವುದಕ್ಕೂ ರೀತಿಯಿದೆ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಹಳೇ ಸಾಮಾನಿನ ಮರುಬಳಕೆಯ ಹೊಣೆ ತಯಾರಕರದು. ಫೋನು, ಬ್ಯಾಟರಿಯನ್ನು ಹಸಿಕಸದ ಬಕೆಟ್ಟಿಗೆ ಹಾಕಬೇಡಿ. ಕಸದ ಲಾರಿಯೊಳಗೆ ಜಜ್ಜಿ ಹೋದ ಲಿಥಿಯಂ ಬ್ಯಾಟರಿ ಲಾರಿಗೇ ಬೆಂಕಿ ಹಚ್ಚಬಲ್ಲದು. ತುದಿಗಳಿಗೆ ಟೇಪು ಸುತ್ತಿ, ಬೇರೆಯಾಗಿಟ್ಟು, ನೋಂದಾಯಿತ ಸಂಗ್ರಹ ಕೇಂದ್ರಕ್ಕೆ ಕೊಡಿ. ತಾಮ್ರಕ್ಕಾಗಿ ವೈರು ಸುಡುವವರ ಕೈಗೆ ಕೊಟ್ಟರೆ ಅವರ ಮಕ್ಕಳು ಆ ಹೊಗೆ ಕುಡಿಯುತ್ತಾರೆ.

ಕಡೆಗೆ ಎರಡು ಎಚ್ಚರಿಕೆ. "ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ" ಎಂಬ ಸಂದೇಶ ಬಂದರೆ ಮೋಸ ಎಂದೇ ತಿಳಿಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ. ಲಿಂಕ್ ಒತ್ತದೆ 1912ಕ್ಕೆ ಕೇಳಿ, ದುಡ್ಡು ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಹೇಳಿ. ಇನ್ನೊಂದು, ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಿದ್ದರೆ ಪ್ರೀತಿಯಿಂದ ಓಡಿಹೋಗಿ ಮುಟ್ಟಬೇಡಿ. ಮೊದಲು ಮೇನ್ ಇಳಿಸಿ, ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ. ಮೇನ್ ಸ್ವಿಚ್ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ. ಅದರ ಮುಂದೆ ಅಕ್ಕಿಮೂಟೆ, ಪೊರಕೆ ಪೇರಿಸಿಟ್ಟವರು ಇವತ್ತೇ ತೆಗೆಯಿರಿ.

ಕೊನೆಮನೆಯ ಹುಡುಗ ಏನಾದ ಎಂದಿರೇ? ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಗೇಟಿನ ಪಕ್ಕಕ್ಕೆ ಬೇರೆ ಲೈನು, 16 ಆಂಪಿಯರಿನ ಪ್ಲಗ್, ಆರ್‌ಸಿಸಿಬಿ ಹಾಕಿಸಿದ. ಹಳೇ ಪ್ಲಗ್ಗನ್ನು ಬಿಚ್ಚಿ ತಂದು ನನಗೆ ತೋರಿಸಿದ. ಹಿಂಭಾಗ ಕರಗಿ ಕಪ್ಪಾಗಿತ್ತು. ನಾನು ಏನೂ ಹೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಈಗ ನೀವು ಏಳಿ. ನಿಮ್ಮ ಆರ್‌ಸಿಸಿಬಿಯ ಮೈಮೇಲೆ ಟಿ ಎಂದು ಬರೆದ ಪುಟ್ಟ ಗುಂಡಿಯಿದೆ. ಹಾಕಿಸಿದ ದಿನದಿಂದ ಅದನ್ನು ಯಾರೂ ಒತ್ತಿರಲಾರರು. ಹೋಗಿ ಒಮ್ಮೆ ಒತ್ತಿ. ಮನೆಯೆಲ್ಲ ಕತ್ತಲಾಗಿ, ಧಾರಾವಾಹಿ ನಿಂತು, ಒಳಗಿನಿಂದ ಬೈಗುಳ ಕೇಳಿಬಂದರೆ ನಿಮ್ಮ ಕಾವಲುಗಾರ ಎಚ್ಚರವಾಗಿದ್ದಾನೆ, ನೆಮ್ಮದಿಯಾಗಿ ಮೇಲೆತ್ತಿ ಬನ್ನಿ. ದೀಪ ಉರಿಯುತ್ತಲೇ ಇದ್ದರೆ ನಾಳೆ ಬೆಳಗ್ಗೆ ಮೊದಲ ಫೋನು ಎಲೆಕ್ಟ್ರಿಷಿಯನ್‌ಗೆ. ಕಾಫಿ ಆಮೇಲೆ.